ಸಾಕುವಿನ ವಿಳಾಸ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಪರದೇಶದಲ್ಲಿ ನಾವಿರುವ ಊರು ಹ್ಯಾಮಿಲ್ಟನ್ನಿನ ಒಂದು ಕಿಂಡರ್‌ಗಾರ್ಟನ್ನಿನಲ್ಲಿ ಇಪ್ಪತ್ತೆಂಟು ಮಕ್ಕಳು, ನಾಲ್ವರು ಟೀಚರುಗಳು ಸೇರಿ ಮೂರು ವಾರ ಇಲ್ಲದ ಪ್ರಾಣಿಯೊಂದನ್ನು ಹುಡುಕಿದರು. ಅಂಥ ಪ್ರಾಣಿಯೇ ಇಲ್ಲವೆಂದು ಹೋಗಿ ಹೇಳಬಹುದಾಗಿದ್ದವಳು ನಾನೊಬ್ಬಳೇ. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಳ್ಳುವುದು ನನ್ನ ಸ್ವಭಾವವಲ್ಲ. ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ಮಧ್ಯೆ ನಾನು ಬಾಯಿ ಹಾಕದಿದ್ದರೆ ಅವರೇ ಹೇಳುತ್ತಾರೆ.

ಇಲ್ಲಿಗೆ ಬರುವ ಮುಂಚೆ ರಾಣೆಬೆನ್ನೂರಿನ ಒಂದು ಕಾನ್ವೆಂಟಿನಲ್ಲಿ ಆರು ವರ್ಷ ಯುಕೆಜಿ ಮಕ್ಕಳಿಗೆ ಕಲಿಸಿದ್ದೇನೆ. ಕಲಿಸಿದ್ದೇನೆ ಎನ್ನುವುದಕ್ಕಿಂತ ಕೂರಿಸಿದ್ದೇನೆ ಎಂದರೆ ಸರಿ. ಐವತ್ತು ಮಕ್ಕಳು, ಎರಡು ಕಿಟಕಿ, ಒಂದು ಕೆಂಪು ಪೆನ್ನು. ‘ಕೈ ಕಟ್ಟು, ಬಾಯಿ ಮೇಲೆ ಬೆರಳು’ ಎಂದರೆ ಐವತ್ತೂ ಬೆರಳು ಒಟ್ಟಿಗೆ ಏಳುತ್ತಿದ್ದವು. ಇನ್‌ಸ್ಪೆಕ್ಟರು ಬಂದವರು ‘ಕ್ಲಾಸು ಬಹಳ ಶಿಸ್ತಿಂದೈತಿ’ ಎಂದು ಹೊಗಳಿ ಚಹಾ ಕುಡಿದು ಹೋಗುತ್ತಿದ್ದರು. ಆ ಬೆರಳುಗಳ ಹಿಂದೆ ಏನೇನು ಮಾತಿತ್ತೋ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಂಥ ನನ್ನ ಮಗಳು ಗೌರಿ, ನಾಲ್ಕೂವರೆ ವರ್ಷದವಳು, ಹೋಗುವ ಕಿಂಡರ್‌ಗಾರ್ಟನ್ನಿನಲ್ಲಿ ಬೆಂಚಿಲ್ಲ, ಸ್ಲೇಟಿಲ್ಲ, ಚಪ್ಪಲಿ ಕೂಡ ಇಲ್ಲ. ಟೀಚರನ್ನು ಮಕ್ಕಳು ಹೆಸರು ಹಿಡಿದು ‘ಹೀದರ್’ ಎಂದು ಕರೆಯುತ್ತಾರೆ. ಆಕೆಯೂ ನಾಚಿಕೆಯಿಲ್ಲದೆ ‘ಓ’ ಎನ್ನುತ್ತಾರೆ. ಪಾಠವಂತೂ ಇಲ್ಲವೇ ಇಲ್ಲ. ಇರುವುದು ಪ್ರಾಜೆಕ್ಟು. ಪ್ರಾಜೆಕ್ಟೆಂದರೆ ಏನೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ: ಮಗು ಒಂದು ಪ್ರಶ್ನೆ ಕೇಳಬೇಕು; ಉತ್ತರ ಗೊತ್ತಿರುವ ದೊಡ್ಡವರು ‘ಹೌದಲ್ಲಾ, ಯಾಕಿರಬಹುದು?’ ಎಂದು ಹುಬ್ಬೇರಿಸಬೇಕು. ಹೀಗೆ ಹುಬ್ಬೇರಿಸಲು ಯುನಿವರ್ಸಿಟಿಯಲ್ಲಿ ಮೂರು ವರ್ಷದ ಡಿಗ್ರಿ ಇದೆ. ಹಿಂದಿನ ಟರ್ಮಿನಲ್ಲಿ ಯಾವುದೋ ಮಗು ‘ಮಳೆ ಬಂದಮೇಲೆ ಎರೆಹುಳು ಯಾಕೆ ಹೊರಗೆ ಬರ್ತವೆ?’ ಎಂದು ಕೇಳಿಬಿಟ್ಟಿತು. ಏಳು ವಾರ! ಹುಳುವಿಗೆ ಮನೆ, ಹುಳುವಿನ ನಕಾಶೆ, ಹುಳುವಿನ ಹಾಗೆ ಹೊಟ್ಟೆಯ ಮೇಲೆ ತೆವಳುವ ನೃತ್ಯ, ಅದಕ್ಕೆ ತಂದೆತಾಯಿಗಳ ಚಪ್ಪಾಳೆ. ನಾವು ‘ಎರೆಹುಳು ರೈತನ ಮಿತ್ರ’ ಎಂದು ಒಂದೇ ಸಾಲಿನಲ್ಲಿ ಅದನ್ನು ಮುಗಿಸಿ ಅದೇ ಪೀರಿಯಡ್ಡಿನಲ್ಲಿ ಜೇನುಹುಳುವನ್ನೂ ಹಿಡಿಯುತ್ತಿದ್ದೆವು.

ಇಷ್ಟಕ್ಕೇ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಫೋನಿಗೆ ‘ಲರ್ನಿಂಗ್ ಸ್ಟೋರಿ’ ಬರುತ್ತದೆ. ಮಗುವಿಗೇ ಬರೆದ ಪತ್ರ, ಜೊತೆಗೆ ಆರು ಫೋಟೋ. ‘ಗೌರಿ, ಇವತ್ತು ನೀನು ಒಂದು ಬಕೆಟ್ಟಿನಿಂದ ಇನ್ನೊಂದು ಬಕೆಟ್ಟಿಗೆ ನೀರು ಸುರಿದೆ. ಮತ್ತೆ ವಾಪಸ್ಸು ಸುರಿದೆ. ನಿನ್ನೊಳಗೊಬ್ಬ ವಿಜ್ಞಾನಿ ಇದ್ದಾಳೆ.’ ನಮ್ಮ ಕಡೆ ಇದಕ್ಕೆ ನೀರಾಟ ಎನ್ನುತ್ತಾರೆ, ಬೆನ್ನಿಗೊಂದು ಬೀಳುತ್ತದೆ. ನಾನು ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆಯುತ್ತಿದ್ದದ್ದು ನಾಲ್ಕೇ ಪದ: ‘ಮಾತು ಹೆಚ್ಚು, ಗಮನ ಕಡಿಮೆ.’ ಐವತ್ತು ಮಕ್ಕಳಿಗೂ ಅದೇ.

ಗೌರಿಯ ವಿಷಯದಲ್ಲಿ ಮಾತು ಹೆಚ್ಚು ಎಂದು ಯಾರೂ ಬರೆಯುವಂತಿರಲಿಲ್ಲ. ಮೊದಲ ವರ್ಷವೆಲ್ಲ ಅಲ್ಲಿ ಮೇಜಿನ ಕೆಳಗೆ ಕುಳಿತು ಕಳೆದಳು. ಮನೆಯಲ್ಲಿ ಮಾತಿಗೇನೂ ಕೊರತೆಯಿಲ್ಲ, ಆದರೆ ಎಲ್ಲ ಇಂಗ್ಲಿಷು. ಕನ್ನಡ ಪೂರ್ತಿ ತಿಳಿಯುತ್ತದೆ. ನಾನು ‘ಊಟಕ್ಕ ಬಾ’ ಎಂದರೆ ‘ಕಮಿಂಗ್’ ಎನ್ನುತ್ತಾಳೆ. ಇದು ನನಗೆ ಎಷ್ಟು ಹೊಟ್ಟೆ ಉರಿಸುತ್ತಿತ್ತೆಂದರೆ ಫ್ರಿಜ್ಜಿಗೆ ಅಕ್ಷರಮಾಲೆ ಅಂಟಿಸಿದೆ, ಕನ್ನಡದಲ್ಲಿ ಕೇಳದೆ ಬಿಸ್ಕತ್ತಿಲ್ಲ ಎಂದು ಕಾನೂನು ಮಾಡಿದೆ. ಅವಳು ಬಿಸ್ಕತ್ತು ಬಿಟ್ಟಳು. ನನ್ನ ಮಗಳು ನನ್ನ ಜೊತೆ ನನ್ನ ಮಾತಿನಲ್ಲಿ ಎಂದೂ ಮಾತಾಡುವುದೇ ಇಲ್ಲವೇನೋ ಎಂಬ ಭಯ ನಿಜವಾಗಿ ನನಗಿತ್ತು. ಅದನ್ನು ಸಿಟ್ಟು ಎಂದು ಕರೆದು ಸಂಭಾಳಿಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಹೀದರ್ ಮಕ್ಕಳ ತೊಟ್ಟಿಗೆ ನೀರು ಬಿಡುತ್ತಿದ್ದಾರೆ. ಮೇಜಿನ ಕೆಳಗಿನಿಂದ ಗೌರಿ ಎದ್ದುಬಂದು ಸೊಂಟದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ ‘ಸಾಕು!’ ಎಂದಿದ್ದಾಳೆ. ಹಾರುತ್ತಿದ್ದ ಮಕ್ಕಳ ಕಡೆ ತಿರುಗಿ ಇನ್ನೊಮ್ಮೆ ‘ಸಾಕು!’ ಅವಳ ಬಾಯಿಂದ ಅಲ್ಲಿ ಗಟ್ಟಿಯಾಗಿ ಬಂದ ಮೊದಲ ಮಾತು ಅದು. ಹೀದರ್ ತಕ್ಷಣ ಮಂಡಿಯೂರಿ, ಕಲಿತ ವಿದ್ಯೆಯಂತೆ ಹುಬ್ಬೇರಿಸಿ, ‘ಸಾಕು ಅಂದ್ರೆ ಯಾರು, ಗೌರಿ?’ ಎಂದು ಕೇಳಿದ್ದಾರೆ. ನೋಡಿ, ಏನು ಎಂದು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಾರು ಎಂದರು. ಗೌರಿ ಸ್ವಲ್ಪ ಯೋಚಿಸಿ, ಇಂಗ್ಲಿಷಿನಲ್ಲಿ, ‘ಅವಳು ನಮ್ಮನೇಲಿ ಇರ್ತಾಳೆ’ ಎಂದಿದ್ದಾಳೆ.

ತಗೊಳ್ಳಿ, ಪ್ರಾಜೆಕ್ಟು ಶುರು. ಸಾಕುವಿಗೆ ಬಾಲವಿದೆಯೇ? ಇದೆ. ಎಷ್ಟು ಕಣ್ಣು? ಹನ್ನೊಂದು. ಏನು ತಿನ್ನುತ್ತಾಳೆ? ಹುಲ್ಲು ಕತ್ತರಿಸುವ ಮಷೀನು. ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಕಟ್ಟಿದರು, ಮರಳಿನಲ್ಲಿ ಹೆಜ್ಜೆಗುರುತು ಹುಡುಕಿದರು, ಅಳತೆಪಟ್ಟಿ ಹಿಡಿದು ಅಳೆದರು. ಎಲ್ಲಕ್ಕೂ ಮುಂದಾಳು ಗೌರಿ. ಫೋಟೋಗಳಲ್ಲಿ ಅವಳು ಬೆರಳು ತೋರಿಸುತ್ತಿದ್ದಾಳೆ, ಉಳಿದ ಇಪ್ಪತ್ತೇಳು ತಲೆಗಳು ಆ ಬೆರಳಿನ ಕಡೆ ತಿರುಗಿವೆ. ಕೊನೆಗೆ ನನಗೇ ಸಂದೇಶ ಬಂತು: ‘ನಿಮ್ಮ ಸಂಸ್ಕೃತಿಯಲ್ಲಿ ಸಾಕುವಿನ ಸ್ಥಾನವೇನು, ತಿಳಿಸುತ್ತೀರಾ?’

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ ಪ್ರಶ್ನೆ ಅಷ್ಟು ದಡ್ಡತನದ್ದಲ್ಲ ಎನಿಸಿತು. ನಮ್ಮ ಸಂಸ್ಕೃತಿಯಲ್ಲಿ ಸಾಕುವಿಗೆ ದೊಡ್ಡ ಸ್ಥಾನವೇ ಇದೆ. ಊಟಕ್ಕೆ ಕೂತವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎಂದರೆ ಇನ್ನೊಂದು ಸೌಟು ಬೀಳುತ್ತದೆ, ಹಾಗೆನ್ನದಿದ್ದರೂ ಬೀಳುತ್ತದೆ. ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಊಟಕ್ಕೆ ಕರೆದಾಗ ಮರ್ಯಾದೆಗೆ ಒಮ್ಮೆ ಇಂಗ್ಲಿಷಿನಲ್ಲಿ ಸಾಕು ಎಂದೆ. ಅವರು ಪಾತ್ರೆ ಎತ್ತಿ ಒಳಗಿಟ್ಟರು. ಮನೆಗೆ ಬಂದು ಅವಲಕ್ಕಿ ತಿಂದೆ. ಇನ್ನು ವ್ಯಾಕರಣಕ್ಕೆ ಹೋದರೆ ಸಾಕು ಎಂದರೆ ನಿಲ್ಲಿಸು, ಸಾಕು ಎಂದರೆ ಪೋಷಿಸು. ಸಾಕುತಾಯಿ, ಸಾಕುಮಗಳು, ಸಾಕುನಾಯಿ. ಒಂದೇ ಉಚ್ಚಾರ, ಒಂದೇ ಕಾಗುಣಿತ. ಮಕ್ಕಳನ್ನು ಸಾಕಿ ಸಾಕಾದವರು ಯಾರೋ ಈ ಭಾಷೆ ಕಟ್ಟಿರಬೇಕು.

ಹೇಳುವುದೋ ಬೇಡವೋ? ತಪ್ಪು ಕಂಡರೆ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಆದರೆ ಹೇಳಿದರೆ ಗೌರಿಯ ಬೆರಳು ಕೆಳಗಿಳಿಯುತ್ತದೆ, ಅವಳು ಮತ್ತೆ ಮೇಜಿನ ಕೆಳಗೆ. ನಮ್ಮ ಬೀದಿಯ ತುದಿಯಲ್ಲಿ ಡೇರಿ ಇಟ್ಟಿರುವ ಶಾಹೀನ್ ಆಂಟಿಯನ್ನು ಕೇಳಿದೆ. ಇಲ್ಲಿ ಡೇರಿ ಎಂದರೆ ಮೂಲೆಯಂಗಡಿ. ಹಸುವಿಗೂ ಅದಕ್ಕೂ ಸಂಬಂಧವಿಲ್ಲ. ಆಂಟಿಯೂ ರಾಣೆಬೆನ್ನೂರಿನವರೇ, ಮೂವರು ಮಕ್ಕಳನ್ನು ಇಲ್ಲಿಯೇ ಬೆಳೆಸಿದವರು.

‘ಅಲ್ರೀ ಟೀಚರ್,’ ಎಂದರು, ಬ್ರೆಡ್ಡು ಜೋಡಿಸುತ್ತಾ. ‘ನಮ್ಮ ಹುಡುಗ್ರು ಮನ್ಯಾಗ ಒಂದ್ ಕನ್ನಡ ಮಾತ ಆಡಂಗಿಲ್ಲ. ನಿಮ್ಮಕಿ ಊರ ಮಂದಿ ಬಾಯಾಗ ಕನ್ನಡ ಆಡಸಾಕತ್ತಾಳ. ಸುಮ್ನ ಇರ್ರಿ.’

ಸುಮ್ಮನಿದ್ದೆ, ಎರಡು ವಾರ. ಮೂರನೆಯ ವಾರ ಹೀದರ್ ಪ್ರಾಜೆಕ್ಟಿನ ಪ್ರದರ್ಶನಕ್ಕೆ ಮನೆಮಂದಿಯನ್ನೆಲ್ಲ ಕರೆದರು. ಸಾಕುವಿನ ಬಗ್ಗೆ ಐದು ನಿಮಿಷ ನೀವು ಮಾತಾಡಬೇಕು ಎಂದು ನನಗೆ ಹೇಳಿದ್ದೇ ತಡ, ನನ್ನೊಳಗಿನ ಕಾನ್ವೆಂಟ್ ಟೀಚರು ಸೆರಗು ಸಿಕ್ಕಿಸಿ ಎದ್ದು ನಿಂತಳು. ಚಾರ್ಟು ತಂದೆ. ದೊಡ್ಡಕ್ಷರದಲ್ಲಿ ‘ಸಾಕು’, ಅರ್ಥ ಒಂದು, ಅರ್ಥ ಎರಡು, ಉದಾಹರಣೆಗಳು, ಕೆಳಗೆ ಕೆಂಪಿನಲ್ಲಿ ಗೆರೆ. ನಮ್ಮ ಮನೆಯವರು ಮೈಸೂರಿನವರು, ಮೆತ್ತಗೆ ಹೇಳಿ ನೋಡಿದರು: ‘ಸಾಕು ಬಿಡೇ, ನಾಲ್ಕು ವರ್ಷದ ಮಕ್ಕಳಿಗೆ ವ್ಯಾಕರಣ ಹೇಳ್ತೀಯಾ?’ ಸತ್ಯ ಸತ್ಯವೇ ಎಂದೆ. ಪೆನ್ನನ್ನು ಫ್ರಿಜ್ಜಿನ ಮೇಲಿಟ್ಟು, ಚಾರ್ಟು ಸುತ್ತಿ ಹೊರಟೆ.

ಅಲ್ಲಿ ಒಂದು ಗಿಡ್ಡ ಮೇಜಿನ ಮೇಲೆ ಮಕ್ಕಳೇ ಮಾಡಿದ ಪುಸ್ತಕವಿತ್ತು. ಒಂದು ಮಗುವಿಗೆ ಒಂದು ಪುಟ. ಮಗು ಚಿತ್ರ ಬರೆದು ಹೇಳಿದ್ದನ್ನು ಟೀಚರು ಹೇಳಿದಂತೆಯೇ ಕೆಳಗೆ ಬರೆದಿದ್ದರು. ಬಾಲ, ರೆಕ್ಕೆ, ಹನ್ನೊಂದು ಕಣ್ಣು ಎಲ್ಲ ತಿರುವಿ, ನಗುತ್ತಾ, ಗೌರಿಯ ಪುಟಕ್ಕೆ ಬಂದೆ. ಅದರಲ್ಲಿ ಪ್ರಾಣಿಯೇ ಇರಲಿಲ್ಲ. ಒಂದು ದೊಡ್ಡ ಮುಖ, ಹಣೆಯಲ್ಲಿ ನನ್ನ ಸ್ಟಿಕ್ಕರ್ ಬೊಟ್ಟು, ಅಗಲವಾಗಿ ತೆರೆದ ಬಾಯಿ, ಬಾಯೊಳಗೆ ಪುಟ್ಟದೊಂದು ಕೆಂಪು ಗೊಂಬೆ. ಕೆಳಗೆ ಇಂಗ್ಲಿಷಿನಲ್ಲಿ ಹೀಗಿತ್ತು: ‘ಸಾಕು ನಮ್ಮಮ್ಮನ ಬಾಯಲ್ಲಿ ಇರ್ತಾಳೆ. ನಾನು ಹಾರಿದ್ರೆ ಬರ್ತಾಳೆ. ನಾನು ಹಾಡಿದ್ರೆ ಬರ್ತಾಳೆ. ನಾನು ಯಾಕೆ ಯಾಕೆ ಅಂತ ಕೇಳಿದ್ರೆ ಬೇಗ ಬರ್ತಾಳೆ.’

ಪುಟವನ್ನು ಇನ್ನೊಮ್ಮೆ ಓದಿದೆ. ಮೂರು ವಾರ ನಾನು ಗೇಲಿ ಮಾಡಿದ ಸಂಶೋಧನೆ, ಹುಡುಕಿದ್ದನ್ನು ಕಂಡುಹಿಡಿದಿತ್ತು. ವಿಳಾಸದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಲ್ಲೇ ಒಂದು ಗಿಡ್ಡ ಕುರ್ಚಿಯ ಮೇಲೆ ಕುಳಿತು ಲೆಕ್ಕ ಹಾಕಿದೆ, ದಿನಕ್ಕೆ ಮಗಳ ಹತ್ತಿರ ಕನ್ನಡದಲ್ಲಿ ಏನೇನು ಆಡುತ್ತೇನೆ ಎಂದು. ಸಾಕು. ಬ್ಯಾಡ. ಲಗೂನ ಬಾ. ಎಷ್ಟ್ ಸಲ ಹೇಳ್ಬೇಕು. ಮುದ್ದು ಬಂದಾಗ ಮಾತ್ರ ‘ಸ್ವೀಟಿ’, ‘ಗುಡ್ ಗರ್ಲ್’, ‘ಲವ್ ಯೂ’. ಬೈಗುಳವನ್ನೆಲ್ಲ ಕನ್ನಡಕ್ಕೆ ಕೊಟ್ಟು ಮುದ್ದನ್ನೆಲ್ಲ ಇಂಗ್ಲಿಷಿಗೆ ಕೊಟ್ಟವಳು ನಾನು. ಮಗು ಬುದ್ಧಿವಂತೆ, ಮುದ್ದಿನ ಕಡೆ ಹೋದಳು. ಅದಕ್ಕಾಗಿ ಅವಳ ಬಿಸ್ಕತ್ತು ಕಿತ್ತುಕೊಂಡಿದ್ದೆ. ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಮಣ್ಣಾಟದ ಧೂಳು ಎಂದು ಒರೆಸಿಕೊಂಡೆ.

ಅಷ್ಟರಲ್ಲಿ ಹೀದರ್ ನನ್ನನ್ನು ಕರೆದರು. ಇಪ್ಪತ್ತೆಂಟು ಮಕ್ಕಳು ಚಾಪೆಯ ಮೇಲೆ, ಒಂದರ ಬಾಯಿಯ ಮೇಲೂ ಬೆರಳಿಲ್ಲ. ಗೌರಿ ಎಲ್ಲರ ಮುಂದೆ, ನಾನು ಏನು ಹೇಳುತ್ತೇನೋ ಎಂದು ಉಗುರು ಕಚ್ಚುತ್ತಾ ಕೂತಿದ್ದಾಳೆ. ಚಾರ್ಟನ್ನು ಬೆನ್ನ ಹಿಂದೆ ಸರಿಸಿದೆ. ‘ಗೌರಿ ಹೇಳಿದ್ದೆಲ್ಲ ನಿಜ,’ ಎಂದೆ. ‘ಆದರೆ ಸಾಕುವಿಗೆ ಒಬ್ಬ ಅಕ್ಕ ಇದ್ದಾಳೆ. ಹೆಸರು ಇನ್ನೂ. ಅವಳು ಬಂದರೆ ಯಾವ ಆಟವೂ ನಿಲ್ಲೋದಿಲ್ಲ.’ ಮಕ್ಕಳೆಲ್ಲ ‘ಇನ್ನೂ, ಇನ್ನೂ’ ಎಂದು ಕೂಗಿದರು. ಹೀದರ್ ಪೆನ್ನು ತೆಗೆದು ಬರೆದುಕೊಂಡರು. ಮುಂದಿನ ಏಳು ವಾರ ಹೋಯಿತೆಂದುಕೊಂಡೆ. ಗೌರಿ ಮಾತ್ರ ಕೂಗಲಿಲ್ಲ. ನನ್ನ ಬಾಯನ್ನೇ ದಿಟ್ಟಿಸಿ, ‘ಅವಳು ನಮ್ಮನೇಲಿ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಎಲ್ಲರೆದುರು ಸಾಕ್ಷಿ ಹೇಳಿದಳು.

ಅವತ್ತು ಸಂಜೆ ಗೌರಿ ಸೋಫಾದ ಮೇಲೆ ಹಾರುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂತು. ಅವಳಿಗೂ ಗೊತ್ತಾಯಿತು, ನಿಂತಲ್ಲೇ ನಿಂತು, ಬಾಗಿಲು ತೆರೆಯುವುದನ್ನು ಕಾಯುವವರ ಹಾಗೆ ನನ್ನ ತುಟಿ ನೋಡಿದಳು. ನುಂಗಿಕೊಂಡೆ. ‘ಇನ್ನೂ?’ ಎಂದೆ. ಅನುಮಾನದಿಂದಲೇ ಒಮ್ಮೆ ಹಾರಿದಳು. ‘ಇನ್ನೂ?’ ಮತ್ತೆ ಹಾರಿದಳು, ಈ ಸಲ ನಗುತ್ತಾ. ಸೋಫಾದ ಸ್ಪ್ರಿಂಗು ಕಿರ್ರೋ ಎಂದಿತು. ಒಳಗಿನ ಕೋಣೆಯಿಂದ ನಮ್ಮ ಮನೆಯವರ ದನಿ ಗುಡುಗಿತು: ‘ಸಾಕು!’

ಗೌರಿ ಹಾರುವುದನ್ನು ನಿಲ್ಲಿಸಿ, ಕಣ್ಣರಳಿಸಿ, ನನ್ನ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಗುಟ್ಟು ಹೇಳಿದಳು: ‘ಅಮ್ಮಾ, ಸಾಕು ಅಪ್ಪ ಬಾಯಿಗೆ ಹೋದ.’

ವಿಭಕ್ತಿ ತಪ್ಪು, ಲಿಂಗ ತಪ್ಪು. ಒಂದೇ ಸಾಲಿನಲ್ಲಿ ಎರಡು ತಪ್ಪು. ಕೆಂಪು ಪೆನ್ನು ಫ್ರಿಜ್ಜಿನ ಮೇಲೇ ಇತ್ತು.

‘ಇನ್ನೊಮ್ಮೆ ಹೇಳವ್ವಾ,’ ಎಂದೆ.