ಆರು ಪಿನ್ನುಗಳ ವಿಚಾರಣೆ

ಆರನೆಯ ಪಿನ್ನೂ ಅಳತೆಯಲ್ಲಿ ಒಂದು ಎಳೆ ದಪ್ಪ ಬಂತು. ಗಂಭೀರವಾಗಿ ಅದಕ್ಕೂ ತಿರಸ್ಕಾರದ ಚೀಟಿ ಬರೆದೆ. ಎದುರಿಗೆ ನಿಂತಿದ್ದ ಶಿಲ್ಪಾಳ ಮುಖ ಬಿಳಿಚಿಕೊಂಡಿತು. ಕಡಕೊಳದ ನಮ್ಮ ಕಾರ್ಖಾನೆಯಲ್ಲಿ ವಿಮಾನದ ಬಾಗಿಲಿಗೆ ಹಾಕುವ ಪಿನ್ನು ಲೇತಿನಲ್ಲಿ ಕಡೆಯುವ ಅವಳ ಕೆಲಸ ಕಾಯಂ ಆಗಬೇಕಾದರೆ ಆ ದಿನದ ಆರೂ ಪಾಸಾಗಬೇಕಿತ್ತು. ನ್ಯಾಯಾಧೀಶ ನಾನು, ತಪಾಸಣೆಯ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕೂತು ಕುರ್ಚಿಯ ಜೊತೆಗೇ ಸವೆದವನು.

"ಇನ್ನೊಂದ್ಸಲ ನೋಡಿ ಸಾರ್," ಎಂದಳು.

"ಅಳತೆಗೆ ದಯೆ ದಾಕ್ಷಿಣ್ಯ ಇಲ್ಲ ಕಣಮ್ಮ," ಎಂದೆ. ದಿನಕ್ಕೆ ಹತ್ತು ಸಲ ಹೇಳಿ ನನಗೇ ಸಾಕಾಗಿರುವ ಮಾತು.

ಅವಳು ಪಿನ್ನಿನ ದಪ್ಪ ಅಳೆಯುವ ನನ್ನ ಮೈಕ್ರೋಮೀಟರನ್ನೇ ಎತ್ತಿ ಬೆಳಕಿಗೆ ಹಿಡಿದಳು.

"ಸಾರ್, ಇದ್ರ ಬಾಯಲ್ಲಿ ಕುಂಕುಮ ಮೆತ್ಕೊಂಡದೆ."

ಆಯುಧಪೂಜೆಯ ರಜೆ ಮುಗಿಸಿ ಬಂದ ಮೊದಲ ದಿನ ಅದು. ಉಪಕರಣಗಳಿಗೆಲ್ಲ ಭಕ್ತಿಯಿಂದ ಕುಂಕುಮ ಇಟ್ಟವನು ನಾನೇ. ಅಳೆಯುವ ಮುಂಚೆ ಒರೆಸಿ, ಖಾಲಿ ಬಾಯಿ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ನೋಡಿ ಎಂದು ಊರಿಗೆಲ್ಲ ಪಾಠ ಹೇಳುವವನೂ ನಾನೇ. ಅಂದು ಹಬ್ಬದ ಓಡಾಟದ ಸುಸ್ತಿನಲ್ಲಿ ಎರಡನ್ನೂ ಮಾಡಿರಲಿಲ್ಲ.

ಒರೆಸಿ ಅಳೆದೆ. ಆರೂ ಸರಿಯಾಗಿದ್ದವು. ಚೀಟಿಗಳನ್ನು ಹರಿದು ಹಾಕಿದೆ.

"ಪೂಜೆ ನಿಮ್ದು, ಶಿಕ್ಷೆ ನಂಗಾ ಸಾರ್?" ಎಂದು ನಕ್ಕು ಹೋದಳು.

ಶಿಲ್ಪಾಳ ಕೆಲಸ ಕಾಯಂ ಆಯಿತು. ನನಗೆ ಮಾತ್ರ ಈಗ ಚೀಟಿ ಬರೆಯುವಾಗ ಕೈ ತಡೆಯುತ್ತದೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ನನ್ನ ಚೀಟಿ ಹಿಡಿದು ತಲೆ ತಗ್ಗಿಸಿ ಹೋಗಿದ್ದಾರೆ. ಅವರಲ್ಲಿ ಒಬ್ಬರೂ ನನ್ನ ಮೈಕ್ರೋಮೀಟರನ್ನು ಎತ್ತಿ ನೋಡಿರಲಿಲ್ಲ.