ಬಣ್ಣ ಕೇಳುವ ಕಂಡಕ್ಟರಕ್ಕ

ಬೆಳಕು ಹರಿಯುವ ಹೊತ್ತು. ಡಿಪೊದಲ್ಲಿ ಬಸ್ಸುಗಳು ಕೆಮ್ಮುತ್ತ ಏಳುತ್ತಿವೆ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಹಿರಿಯ ಕಂಡಕ್ಟರಮ್ಮ, ಹೊಸದಾಗಿ ಸೇರಿದ ಹುಡುಗಿಯ ಕಿವಿಯಲ್ಲಿ ಕೇಳುತ್ತಾರೆ: “ಬೆಳಗ್ಗೆ ಯಾವ ಬಣ್ಣ ಇತ್ತಮ್ಮ?”

“ಯಾವುದರದ್ದು ಅಕ್ಕಾ?”

“ಮೂತ್ರದ್ದು ಕಣೇ. ಬಸ್ಸಿಂದು ಕೇಳ್ತೀನಾ?”

ಹುಡುಗಿ ನಾಚಿ ನೀರಾಗುತ್ತಾಳೆ. ಡಿಪೊದವರು ಇವರನ್ನು ಕರೆಯುವುದೇ ‘ಬಣ್ಣದಕ್ಕ’ ಎಂದು. ಆ ಹೆಸರು ಪುಕ್ಕಟೆ ಬಂದದ್ದಲ್ಲ. ಮೊದಮೊದಲು ಅವರು ಪಾಳಿ ಮುಗಿಯುವವರೆಗೆ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಕೊನೆಯ ನಿಲ್ದಾಣದಲ್ಲಿ ಗಂಡಸರಿಗೆ ಒಂದು ಗೋಡೆಯಾದರೂ ಇತ್ತು. ಹೆಂಗಸರಿಗೆ ಏನೂ ಇರಲಿಲ್ಲ. “ಕುಡಿದ್ರೆ ತಾನೇ ಹೋಗ್ಬೇಕು? ಬಾಯಿಗೆ ಬೀಗ ಹಾಕ್ಕೊಂಡೆ,” ಎನ್ನುತ್ತಾರೆ. ಮೂತ್ರ ಕಡು ಹಳದಿಯಾಯಿತು, ಆಮೇಲೆ ಉರಿ, ಒಂದು ಬೇಸಿಗೆಯಲ್ಲಿ ಕೆಂಪು. ಗಂಡನಿಗೆ ಹೇಳಲೂ ಸಂಕೋಚ. ಟಿಕೆಟ್ ಕೊಡುತ್ತಲೇ ಚಳಿಜ್ವರದಲ್ಲಿ ಕುಸಿದು ಬಿದ್ದಾಗ ಸೋಂಕು ಮೂತ್ರಪಿಂಡಕ್ಕೇರಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಗದರಲಿಲ್ಲ. ತೆಳು ಹಳದಿಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಕಡುವಾದರೆ ಮೈಗೆ ನೀರು ಸಾಲದು, ಕೆಂಪೋ ಚಹಾದಂಥ ಕಂದೋ ಕಂಡರೆ ತಡಮಾಡದೆ ಬಾ ಎಂದು ಬಿಡಿಸಿ ಹೇಳಿದರು. “ಮೈ ಅಷ್ಟು ದಿನದಿಂದ ಕೂಗಿ ಹೇಳ್ತಿತ್ತು. ನಾನೇ ಅದರ ಮೇಲೆ ನೀರು ಸುರಿದು ಮುಚ್ಚಿಬಿಡ್ತಿದ್ದೆ,” ಎನ್ನುತ್ತಾರೆ ಬಣ್ಣದಕ್ಕ.

ಗುಣವಾಗಿ ಬಂದವರು ನೇರ ಮ್ಯಾನೇಜರ ಕೋಣೆಗೆ ಹೋದರು. ‘ನೋಡೋಣ’ ಎಂಬ ಮಾತು ಕೇಳಿ ಕೇಳಿ ಸಾಕಾದಾಗ, ಹೆಂಗಸರನ್ನೆಲ್ಲ ಕರೆದುಕೊಂಡು ಬಾಗಿಲಲ್ಲೇ ಕೂತರು. “ಸಾರ್, ಚಿಲಕ ಇರೋ ಒಂದು ಬಾಗಿಲು ಕೊಡಿ. ಅಲ್ಲೀತನಕ ಬಸ್ಸು ಹತ್ತಲ್ಲ.” ಆ ಬೆಳಗ್ಗೆ ಬಸ್ಸುಗಳು ನಿಂತಲ್ಲೇ ನಿಂತವು. ಕೊನೆಯ ನಿಲ್ದಾಣಕ್ಕೆ ಶೌಚಾಲಯ ಬಂತು.

ಅವರ ಬಣ್ಣದ ಮಾತಿಗೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಅವರದೇ ಬಸ್ಸಿನ ಡ್ರೈವರು. ಕಳೆದ ವರ್ಷ ಅವರೇ ಮೆಲ್ಲಗೆ ಬಂದರು: “ಅಕ್ಕಾ, ನೀರು ಚೆನ್ನಾಗೇ ಕುಡೀತೀನಿ. ಆದ್ರೂ ಚಹಾ ಬಣ್ಣ.”

“ಹಾಗಾದ್ರೆ ಅದು ನನ್ನ ಕೈಲಾಗೋದಲ್ಲ ಅಣ್ಣ. ಇವತ್ತೇ ಡಾಕ್ಟರ ಹತ್ರ ನಡೀರಿ.”

ಕಾಮಾಲೆ ಎಂದು ಬೇಗ ಗೊತ್ತಾಯಿತು. ಈಗ ಡ್ರೈವರು ಗಟ್ಟಿಮುಟ್ಟಾಗಿದ್ದಾರೆ, ನಗುವುದನ್ನು ಮಾತ್ರ ಬಿಟ್ಟಿದ್ದಾರೆ.

ಪ್ರಯಾಣಿಕ ಹೆಂಗಸರೂ ಈಗ ಇಳಿದು ಆ ಶೌಚಾಲಯಕ್ಕೆ ಹೋಗಿಬರುತ್ತಾರೆ. ಬಸ್ಸು ಹೊರಡುವುದು ತಡವಾದರೆ ಕೂತವರ ಗೊಣಗಾಟ ಶುರು. ಕಂಡಕ್ಟರಮ್ಮ ಮೆಟ್ಟಿಲ ಮೇಲೆ ನಿಂತೇ ಇರುತ್ತಾರೆ.

“ಗೊಣಗ್ಲಿ ಬಿಡಿ. ಒಳಗೆ ಹೋದೋಳು ಆರಾಮಾಗಿ ಬರೋವರೆಗೂ ನಾನು ಸೀಟಿ ಊದಲ್ಲ.”