‘ನಾಳೆ ಬನ್ನಿ’ ಮಾಸ್ಟ್ರ ಕಾದಂಬರಿ

ನಮ್ಮ ಬೀದಿ ಟೈಲರ್ ಮಾಸ್ಟ್ರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಏನೋ ಒಂದಿತ್ತು, ಪಾಪ ಅದು ಸವೆದೇ ಹೋಯ್ತು. ಈಗ ಚಿಕ್ಕ ಮಕ್ಕಳನ್ನ ಕೇಳಿದ್ರೂ “ನಾಳೆ ಬನ್ನಿ ಮಾಸ್ಟ್ರಾ? ಅದೋ ಅಲ್ಲಿ” ಅಂತ ಕೈ ತೋರಿಸ್ತವೆ. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ಮಧ್ಯೆ ಸಿಕ್ಕಾಕೊಂಡಿರೋ ಅಂಗಡಿ. ಗಿರಾಕಿ ಒಳಗೆ ಬಂದ್ರೆ ಮಾಸ್ಟ್ರು ಉಸಿರು ಒಳಗೆ ಎಳ್ಕೋಬೇಕು, ಅಷ್ಟು ಜಾಗ. ಒಂದು ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಕಾಜಾ ಹಾಕ್ತಾ ಮೂಲೇಲಿ ಕೂತಿರೋ ಹೆಂಡ್ತಿ, ಗೋಡೆ ಉದ್ದಕ್ಕೂ ಒಂದು ಕಬ್ಬಿಣದ ಸಲಾಕೆ.

ಆ ಸಲಾಕೆ ಬಗ್ಗೆ ಹೇಳ್ಲೇಬೇಕು. ಹೊಲಿದು ಮುಗಿದ ಬಟ್ಟೆ ಎಲ್ಲ ಅದರ ಮೇಲೆ ನೇತಾಡ್ತವೆ. ಅಲ್ಲಿ ಒಂದು ಸ್ಕೂಲ್ ಚಡ್ಡಿ ಇದೆ, ಅದರ ಹುಡುಗನಿಗೆ ಈಗ ಮೀಸೆ ಬಂದಿದೆ. ಯಾಕಂದ್ರೆ ಮಾಸ್ಟ್ರದ್ದು ಒಂದು ನಿಯಮ, ಅವರಪ್ಪನ ಕಾಲದಿಂದ ಬಂದಿದ್ದು. ಕೆಲಸ ಮುಗಿದಿಲ್ಲ ಅಂದ್ರೆ “ನಾಳೆ ಬನ್ನಿ” ಅನ್ನೋದು. ಮುಗೀತು ಅಂದ್ರೆ ಏನೂ ಅನ್ನದೆ ನೇತಾಕೋದು.

“ಒಂದು ಫೋನ್ ಮಾಡಿ ಹೇಳ್ಬಾರ್ದೇನ್ರೀ?” ಅಂತ ಹೆಂಡ್ತಿ ಕೇಳಿ ಕೇಳಿ ಸಾಕಾದ್ಳು.

“ಬಟ್ಟೆ ಕೊಟ್ಟೋರು ಬರ್ತಾರೆ ಕಣೇ. ಕೆಲಸಗಾರ ಹೋಗಿ ಅವರಿವರ ಬಾಗಿಲು ತಟ್ಟಬಾರ್ದು. ಬೆಲೆ ಹೋಗತ್ತೆ.”

ಇಂಥ ಮಾಸ್ಟ್ರು ಒಂದು ಕಾದಂಬರಿ ಬರೆದ್ರು! ಮೊಬೈಲಲ್ಲಿ, ಹೆಬ್ಬೆರಳಲ್ಲಿ, ಪ್ಯಾಂಟಿಗೂ ಪ್ಯಾಂಟಿಗೂ ಮಧ್ಯೆ. ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿ ಕೊನೆಗೂ ಎಲ್ಲಿಗೂ ಹೋಗದ ಒಬ್ಬ ಲಿಫ್ಟ್ ಆಪರೇಟರ್ ಕತೆ. ತಮಾಷೆ ಬಿಡಿ, ಸಖತ್ತಾಗಿದೆ. ಕರೆಂಟ್ ಹೋಗಿ ಲಿಫ್ಟೊಳಗೆ ಅವನೂ ಮ್ಯಾನೇಜರೂ ಸಿಕ್ಕಾಕೊಳ್ಳೋ ಅಧ್ಯಾಯ ಇದ್ಯಲ್ಲ, ಅದನ್ನ ಓದಿದೋರು ಆಮೇಲೆ ವಾರಗಟ್ಟಲೆ ಮೆಟ್ಟಿಲು ಹತ್ತಿದಾರೆ.

ಅದನ್ನ ಒಬ್ಬ ಏಜೆಂಟ್ ಮೇಡಂಗೆ ಕಳ್ಸಿದ್ರು. ಬರೆದೋರ ಪುಸ್ತಕ ತಗೊಂಡು ಪ್ರಕಾಶಕರ ಹತ್ರ ಮಾತಾಡಿ ಕುದುರಿಸೋದು ಅವರ ಕೆಲಸ.

“ಪುಸ್ತಕಕ್ಕೂ ಬ್ರೋಕರ್ರಾ?” ಅಂದ್ಳು ಹೆಂಡ್ತಿ. “ಹೆಣ್ಣು ಗಂಡು, ಮನೆ ಮಠ ಮುಗೀತು, ಈಗ ಇದೊಂದು.”

ಮೇಡಂಗೆ ಕತೆ ಹಿಡಿಸ್ತು. ಫೋನ್ ಮಾಡಿ ಹೇಳಿದ್ರು: ಒಬ್ಬ ದೊಡ್ಡ ಪ್ರಕಾಶಕರು ಇಂಥದ್ದೇ ಹುಡುಕ್ತಿದಾರೆ, ಈ ವರ್ಷದ ಪಟ್ಟೀಲಿ ಒಂದು ಜಾಗ ಇದೆ, ಆದ್ರೆ ಮೊದಲ ಮೂರು ಅಧ್ಯಾಯ ಎತ್ತಿಬಿಡಿ, ಆಪರೇಟರ್ ಹೆಂಡ್ತಿ ಇಡೀ ಪುಸ್ತಕದಲ್ಲಿ ಬಾಯೇ ಬಿಡಲ್ಲ, ಅವಳಿಗೆ ಮಾತು ಕೊಡಿ. “ತಿದ್ದಿ, ನಮ್ಮಿಬ್ಬರ ಫೋಲ್ಡರಿಗೆ ಹಾಕಿ ಮಾಸ್ಟ್ರೇ, ನೋಡ್ತೀನಿ” ಅಂದ್ರು. ಇಬ್ಬರ ಫೋನಲ್ಲೂ ತೆರೆಯೋ ಹಾಗೆ ಆ ಫೋಲ್ಡರನ್ನ ಮೇಡಮ್ಮೇ ಮಾಡಿ ಕೊಟ್ಟಿದ್ರು.

ಮಾಸ್ಟ್ರಿಗೆ ಮೊದಲು ಉರಿದುಹೋಯ್ತು. “ಅಳತೆ ಸರಿ ಇರೋ ಬಟ್ಟೇನ ಆಲ್ಟರ್ ಮಾಡು ಅಂತಾರಲ್ಲ!” ಆಮೇಲೆ ಕೂತ್ರು ನೋಡಿ. ಮೂರು ಅಧ್ಯಾಯ ಬಿಚ್ಚಿ ಬಿಸಾಕಿದ್ರು. ಆಪರೇಟರ್ ಹೆಂಡ್ತಿಗೆ ಸ್ವಂತ ಹೆಂಡ್ತಿ ಬಾಯಿನೇ ಎತ್ತಿ ಅಂಟಿಸಿದ್ರು, ಅದಕ್ಕೆ ಹೊರಗೆಲ್ಲೂ ಹುಡುಕೋದೇ ಬೇಕಾಗ್ಲಿಲ್ಲ. ಮುಗಿಸಿ ಫೋಲ್ಡರಿಗೆ ಹಾಕಿ, ಕೈ ಝಾಡಿಸಿ, ಕಾಯೋಕೆ ಶುರು ಮಾಡಿದ್ರು.

ಅಯ್ಯಪ್ಪಾ, ಆ ಕಾಯೋದು! ಊರಿಗೆಲ್ಲ ನಾಳೆ ಬನ್ನಿ ಅಂದ ಮನುಷ್ಯನಿಗೆ ಒಂದೊಂದು ನಾಳೇನೂ ಹಲ್ಲುನೋವು ಬಂದ ಹಾಗೆ ಬರ್ತಿತ್ತು. ಫೋನು ಟುಂಯ್ ಅಂದ್ರೆ ಎಗರೋದು. ನೋಡಿದ್ರೆ ನೂಲು ಮಾರೋನ ಗುಡ್ ಮಾರ್ನಿಂಗು. ಒಬ್ಬರ ಶರ್ಟಿಗೆ ಎರಡೂ ಎಡಗಡೆ ತೋಳೇ ಕೂರಿಸಿದ್ರು.

ಮೊಬೈಲ್ ಅಂಗಡೀಲಿ ಕೆಲಸ ಮಾಡೋ ಭಾವಮೈದ ಬಂದ. ಅವನಿಗೆ ಗೊತ್ತಿಲ್ದೇ ಇರೋದು ಪ್ರಪಂಚದಲ್ಲಿ ಇಲ್ಲ.

“ಭಾವ, ಇದಕ್ಕೆಲ್ಲ ಲೆಕ್ಕ ಇದೆ. ತಿದ್ದಿ ಕೊಟ್ಟು ಒಂದೂವರೆ ತಿಂಗಳು ಉಸಿರು ಬಿಡಬಾರ್ದು. ಆಮೇಲೆ ಒಂದೇ ಒಂದು ಸಣ್ಣ ಮೆಸೇಜು. ಮುಂಚೆನೇ ಕೇಳಿದ್ರೆ ಇವನ್ಯಾವನೋ ಗಂಟುಬಿದ್ದ ಅಂತಾರೆ.”

“ಒಂದೂವರೆ ತಿಂಗಳು ಆಗಿಹೋಗಿದೆ ಕಣಯ್ಯಾ.”

“ಹಾಗಾದ್ರೆ ಎರಡು ತಿಂಗಳು.”

“ಇವನು ನಿಮ್ಮ ಅಂಗಡಿ ಗಿರಾಕಿಗಳಿಗೆ ತರಬೇತಿ ಕೊಟ್ಟೋನೇ ಇರ್ಬೇಕು” ಅಂದ್ಳು ಹೆಂಡ್ತಿ, ಸೂಜಿಯಿಂದ ಕಣ್ಣೆತ್ತದೆ. “ರೀ, ಒಂದು ಫೋನ್ ಮಾಡಿ ಕೇಳಿದ್ರೆ ನಿಮ್ಮ ಕಿರೀಟ ಬೀಳತ್ತಾ?”

“ನಾನು ಮಾಡಲ್ಲ. ತಿದ್ದು ಅಂದೋರು ಅವರು. ಬೇಕಾದ್ರೆ ಬರ್ತಾರೆ.”

ಬಾಯಲ್ಲಿ ಹೀಗೆ. ಗಿರಾಕಿ ಇಲ್ದಾಗ ಮಾತ್ರ “ಮೇಡಂ ನಮಸ್ಕಾರ” ಅಂತ ಟೈಪ್ ಮಾಡೋದು, ಅಳಿಸೋದು. “ಮೇಡಂ ಆರೋಗ್ಯಾನಾ” ಅನ್ನೋದು, ಅದನ್ನೂ ಅಳಿಸೋದು. ಅಷ್ಟು ಅಕ್ಷರ ಸುಮ್ನೆ ಬರೆದಿದ್ರೆ ಎರಡನೇ ಭಾಗ ಮುಗೀತಿತ್ತು.

ಹೀಗಿರೋವಾಗ ಒಂದು ಸಂಜೆ ಬ್ಯಾಂಕಿನ ಸಾಹೇಬ್ರು ಬಂದ್ರು, ಒಂದು ಗುಂಡಿ ಹಾಕ್ಸೋಕೆ. ಗುಂಡಿ ಕೊಡೋಕೆ ಕೈ ಚಾಚಿದೋರು ಹಾಗೇ ಸಲಾಕೆ ನೋಡ್ತಾ ನಿಂತ್ಬಿಟ್ರು.

“ಮಾಸ್ಟ್ರೇ. ಆ ಬೂದು ಕೋಟು ನಂದಲ್ವಾ?”

“ನಿಮ್ದೇ ಸಾರ್.”

“ಯಾವಾಗ ಆಯ್ತು?”

“ಆಗಿ ಬಹಳ ದಿನ ಆಯ್ತಲ್ಲ.”

“ಹೇಳ್ಬಾರ್ದಾ?!”

“ನೀವು ಕೇಳ್ಬಾರ್ದಾ ಸಾರ್?”

ಸಾಹೇಬ್ರ ಕಿವಿ ಕೆಂಪಾಯ್ತು. “ಚಪ್ಪಲಿ ಸವೆಯೋ ಹಾಗೆ ಬಂದು ಕೇಳ್ದೆ. ಬಂದಾಗೆಲ್ಲ ನಾಳೆ ಬನ್ನಿ ಅಂದ್ರಿ. ಸಾಕಾಗಿ ಬಿಟ್ಟೆ. ನೀವು ಇನ್ನೂ ಹೊಲೀತಿದೀರ ಅಂತ ನಾನು ಮನೇಲಿ ಕೂತಿದೀನಿ, ನಾನು ಬರ್ತೀನಿ ಅಂತ ನೀವಿಲ್ಲಿ ಕೂತಿದೀರ. ಮಗಳ ಮದುವೇನ ಹಳೇ ಸ್ವೆಟರಲ್ಲಿ ಮುಗಿಸ್ದೆ ಕಣ್ರೀ ನಾನು! ಬೀಗರು ಇವತ್ತಿಗೂ ಆಡ್ಕೊಂಡು ನಗ್ತಾರೆ!”

ಮೂಲೇಲಿ ಹೆಂಡ್ತಿ ಸೂಜಿ ನಿಂತುಹೋಯ್ತು.

“ರೀ” ಅಂದ್ಳು ಮೆಲ್ಲಗೆ. “ಆ ಮೇಡಂಗೆ, ತಿದ್ದಿದ್ದು ಮುಗೀತು ಅಂತ ಹೇಳಿದೀರಾ?”

“ಫೋಲ್ಡರಿಗೆ ಹಾಕಿದೀನಲ್ಲೇ.”

“ಹಾಕಿದೀರ. ಹೇಳಿದ್ರಾ?”

ಮಾಸ್ಟ್ರು ಸಲಾಕೆ ನೋಡಿದ್ರು. ಕೋಟು ನೋಡಿದ್ರು. ಸ್ಕೂಲ್ ಚಡ್ಡಿ ನೋಡಿದ್ರು. ಮುಖ ಒಗೆದು ಹಿಂಡಿದ ಅಸ್ತರು ಬಟ್ಟೆ ಥರ ಆಯ್ತು.

“ಮಾಡಿ ಫೋನು” ಅಂದ್ಳು. ಈ ಸಲ ಕಿರೀಟದ ಮಾತು ಬರ್ಲಿಲ್ಲ.

ಮೇಡಂ ತಕ್ಷಣ ಎತ್ತಿದ್ರು. ದನಿ ಎಷ್ಟು ದೊಡ್ಡದು ಅಂದ್ರೆ ಅಂಗಡಿಗೆಲ್ಲ ಕೇಳ್ತಿತ್ತು. “ಅಯ್ಯೋ ಮಾಸ್ಟ್ರೇ, ಮುಗಿಸಿ ಹಾಕಿದೀರಾ? ನನಗೇನು ಗೊತ್ತು! ನೀವು ಇನ್ನೂ ಬರೀತಿದೀರ, ತೊಂದ್ರೆ ಕೊಡಬಾರ್ದು ಅಂತ ನಾನು ಬಾಯಿ ಮುಚ್ಕೊಂಡು ಕೂತಿದೀನಿ. ಹೋದ ವಾರದವರೆಗೂ ನಿಮಗೋಸ್ಕರ ಆ ಜಾಗ ಹಿಡಿದಿಟ್ಟಿದ್ದೆ ಕಣ್ರೀ. ಈಗ ಅದು ಬೇರೆ ಯಾರಿಗೋ ಹೋಯ್ತು.”

ಮಾಸ್ಟ್ರು ಸ್ಟೂಲ್ ಹುಡುಕಿ ಕೂತ್ರು.

“ಹೋಗ್ಲಿ ಬಿಡಿ, ಓದ್ತೀನಿ” ಅಂದ್ರು ಮೇಡಂ. “ಮುಂದಿನ ವರ್ಷಕ್ಕೆ ಪ್ರಯತ್ನ ಮಾಡೋಣ. ಒಂದೂವರೆ ತಿಂಗಳಲ್ಲಿ ನಾನೇ ಹೇಳ್ತೀನಿ. ಹೇಳ್ಲಿಲ್ಲ ಅಂದ್ರೆ ನೀವು ಕೇಳಿ. ಕೇಳಿದ್ರೆ ನಾನೇನು ಕಚ್ಚಲ್ಲ.”

ಮಾಸ್ಟ್ರು ಫೋನ್ ಇಟ್ರು. ಸಾಹೇಬ್ರು ಕೋಟು ಇಳಿಸಿ ಹಾಕ್ಕೊಂಡ್ರು. ಭುಜ ಅಚ್ಚು ಹೊಯ್ದಂಗೆ ಕೂತಿದೆ, ಕಾಲರ್ ಅಂತೂ ಮುತ್ತು, ಮಾಸ್ಟ್ರ ಕೈ ಅಂದ್ರೆ ಕೈ. ಆದ್ರೆ ಗುಂಡಿ ಕಾಜಾ ಹತ್ರಾನೇ ಬರ್ತಿಲ್ಲ. ಕೋಟು ನೇತಾಡ್ತಿದ್ದಷ್ಟು ದಿನ ಹೊಟ್ಟೆ ಸುಮ್ನೆ ಕೂತಿರತ್ತಾ?

ಮಾಸ್ಟ್ರು ಎದ್ರು, ಬಾಯಲ್ಲಿ ಪಿನ್ನು ಕಚ್ಕೊಂಡು ಅಳತೆ ತಗೊಂಡ್ರು. “ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡ್ತೀನಿ ಸಾರ್.”

“ಯಾವಾಗ?”

“ನಾ...” ಅಂತ ನಾಲಿಗೆ ಹಳೇ ದಾರಿ ಹಿಡೀತು. ಹೆಂಡ್ತಿ ಒಂದು ಸಲ ನೋಡಿದ್ಳು, ಅಷ್ಟೆ. ಮಾಸ್ಟ್ರು ಪಿನ್ನು ತೆಗೆದು ಹೇಳಿದ್ರು, “ಆದ ತಕ್ಷಣ ಫೋನ್ ಮಾಡ್ತೀನಿ.”

ಮಾರನೇ ದಿನ ಮಾಸ್ಟ್ರು ಬಂದು ಶಟರ್ ಎತ್ತೋ ಹೊತ್ತಿಗೆ ಸಾಹೇಬ್ರು ಮೆಟ್ಟಿಲ ಮೇಲೆ ಪೇಪರ್ ಹಾಸ್ಕೊಂಡು ಕೂತಿದ್ರು.

“ಫೋನ್ ಮಾಡ್ತೀನಿ ಅಂದಿದ್ನಲ್ಲ ಸಾರ್?”

“ನೀವು ಹೊಲೀರಿ, ನಾನು ಇಲ್ಲೇ ಕೂತಿರ್ತೀನಿ. ನಿಮ್ಮನ್ನ ನಂಬ್ಕೊಂಡು ಮನೇಲಿ ಕೂರೋಕೆ ನಾನೇನು ನಿಮ್ಮ ಏಜೆಂಟಾ?”